ಹಡಗಿನ ಜ್ವರ ನಮ್ಮ ಓಣಿಗೆ ಬಂದ ವರ್ಷ

ಹೋದ ತಿಂಗಳು ಗುಳೇದಗುಡ್ಡಕ್ಕೆ ಒಂದು ಕುಬಸದ ಊಟಕ್ಕೆ ಹೋಗಿದ್ದೆ. ನಮ್ಮ ಯಜಮಾನರ ಕೈಯಲ್ಲಿ ಲೆಕ್ಕ ಕಲಿತವರೊಬ್ಬರ ಮೊಮ್ಮಗಳ ಕುಬಸ, ಅಂದರೆ ಸೀಮಂತ. ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಾಗ ಎದುರು ಮನೆಯವರು ಸೊಳ್ಳೆ ಓಡಿಸಲು ಹಸಿ ಬೇವಿನ ಸೊಪ್ಪಿಗೆ ಬೆಂಕಿ ಇಟ್ಟರು. ಹಸಿ ಸೊಪ್ಪು ಕೂಡಲೇ ಉರಿಯುವುದಿಲ್ಲ. ಬೆಳ್ಳಗೆ ದಟ್ಟವಾಗಿ ಹೊಗೆಯಾಡುತ್ತದೆ, ಕಹಿ ನೇರವಾಗಿ ಗಂಟಲಿಗೆ ಇಳಿಯುತ್ತದೆ. ಜೊತೆಗೆ ಕೂತವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಎದ್ದು ಹೋದರು. ನಾನು ಕೂತೇ ಇದ್ದೆ. ಆ ಹೊಗೆಯ ಹಿಂದೆ ನನಗೆ ನೂಲಿನ ಪೆಂಡಿಗಳು ಕಾಣುತ್ತಿದ್ದವು. ಕೋಲು ಹಿಡಿದು ಅವುಗಳ ಸುತ್ತ ತಿರುಗುವ ಗೌರವ್ವತ್ತಿ ಕಾಣುತ್ತಿದ್ದಳು. ಅದು ಐವತ್ತೇಳನೆಯ ಇಸವಿಯ ಮಳೆಗಾಲ.

ಆ ಊರಿಗೆ ನಾನು ಹೋದದ್ದು ಅದರ ಹಿಂದಿನ ವರ್ಷ, ಮದುವೆಯಾಗಿ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿಂದ ತಂದದ್ದೆಂದರೆ ಮೇಜಿನ ಬಟ್ಟೆಗೆ ಹಾಕುವ ಕಸೂತಿ, ಒಳ್ಳೆಯ ಅಕ್ಷರ, ಮತ್ತು ಎಲ್ಲದಕ್ಕೂ "ಯಾಕೆ" ಎಂದು ಕೇಳುವ ಒಂದು ಚಟ. ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ನೇಕಾರರ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ. ಓಣಿಯ ಹದಿನಾರು ಮನೆಗಳಲ್ಲಿ ನಮ್ಮದು ಮತ್ತು ಎದುರಿನ ಗೌರವ್ವತ್ತಿಯದು ಬಿಟ್ಟರೆ ಉಳಿದೆಲ್ಲದರಲ್ಲೂ ಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ಕೂತು ಕುಬಸದ ಖಣ, ರವಿಕೆಯ ಬಟ್ಟೆ, ನೇಯುವ ಮಗ್ಗ. ಸೂರ್ಯ ಹುಟ್ಟುವ ಮೊದಲೇ ಸದ್ದು ಸುರುವಾಗುತ್ತಿತ್ತು. ಮೊದಲ ವಾರ ನನಗೆ ತಲೆನೋವು ಬಂತು. ಎರಡು ತಿಂಗಳಾಗುವ ಹೊತ್ತಿಗೆ ಯಾವ ಮನೆಯ ಮಗ್ಗ ನಿಂತಿದೆ ಎಂದು ಒಲೆಯ ಮುಂದೆ ಕೂತೇ ಹೇಳುತ್ತಿದ್ದೆ.

ಮಧ್ಯಾಹ್ನ ಊಟಕ್ಕೆಂದು ಮಗ್ಗಗಳು ನಿಂತಾಗ ಹೆಂಗಸರು ನಮ್ಮ ಕಟ್ಟೆಗೆ ಬರುತ್ತಿದ್ದರು. ನಾನು ಅವರಿಗೆ ಪತ್ರಿಕೆ ಓದಬೇಕು. ಹುಬ್ಬಳ್ಳಿಯಲ್ಲಿ ಅಚ್ಚಾದ ಪತ್ರಿಕೆ ಬಾಗಲಕೋಟೆಯ ಬಸ್ಸಿನಲ್ಲಿ ಮರುದಿನ ನಮ್ಮೂರಿಗೆ ಬರುತ್ತಿತ್ತು. ನಾನು ಓದಿ ಮುಗಿಸಿದ ಮೇಲೆ ಅದು ಗಂಡಸರು ಓದಲೆಂದು ಓಣಿಯಲ್ಲಿ ಮನೆಯಿಂದ ಮನೆಗೆ ತಿರುಗಿ, ವಾರದ ಮೇಲೆ ಹಳೆಯ ಸೀರೆಯಷ್ಟು ಮೆತ್ತಗಾಗಿ ನಮ್ಮ ಮನೆಗೆ ವಾಪಸು ಬರುತ್ತಿತ್ತು. ಮುಂಬೈ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಹೊಸ ಸರ್ಕಾರ ನೂಲಿನ ಬಗ್ಗೆ ಏನು ಹೇಳುತ್ತದೆ ಎಂದು ಕೇಳುವುದಕ್ಕೇ ಅವರು ಬರುತ್ತಿದ್ದದ್ದು.

ಬೇಸಿಗೆ ಮುಗಿಯುವ ಹೊತ್ತಿಗೆ ಬೇರೆ ಸುದ್ದಿ ಬಂತು. ಹಾಂಗ್‌ಕಾಂಗಿನಲ್ಲಿ ಒಂದು ಹೊಸ ಜ್ವರ. ಆಮೇಲೆ ಸಿಂಗಾಪುರದಲ್ಲಿ. ಆಮೇಲೆ ಹಡಗಿನಲ್ಲಿ ಬಂದವರಿಂದ ಮದ್ರಾಸಿನಲ್ಲಿ. ದಿನದಿನಕ್ಕೆ ಊರಿನ ಹೆಸರು ಹತ್ತಿರವಾಗುತ್ತ ಬಂತು. ನಾನು ಯಜಮಾನರ ಅಟ್ಲಾಸು ತಂದು ಕಟ್ಟೆಯ ಮೇಲೆ ಬಿಚ್ಚಿಟ್ಟೆ. ಸಮುದ್ರ ಇಷ್ಟು ದೊಡ್ಡದೇ ಎಂದು ಹೆಂಗಸರು ಕೈಯಾಡಿಸಿ ನೋಡಿದರು. ಗುಳೇದಗುಡ್ಡ ಎಲ್ಲಿ ಎಂದು ಕೇಳಿದರು. ಅದರಲ್ಲಿ ಬಾಗಲಕೋಟೆಯೇ ಇರಲಿಲ್ಲ, ಬಾದಾಮಿಯೂ ಇರಲಿಲ್ಲ. ಬಿಜಾಪುರದ ಕೆಳಗೆ ಪೆನ್ಸಿಲಿನಿಂದ ನಾನೇ ಒಂದು ಚುಕ್ಕೆ ಇಟ್ಟೆ.

ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು ಗೌರವ್ವತ್ತಿ. ಐವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಅಕ್ಷರ ಬಾರದು, ಆದರೆ ಹೇಳಿದ ಮಾತನ್ನು ಹಾಗೇ ಬಿಡುವವಳಲ್ಲ. ಈ ಜ್ವರ ಒಂದು ಬೀಜದಿಂದ ಬರುತ್ತದೆ, ಆ ಬೀಜ ಕಣ್ಣಿಗೆ ಕಾಣುವುದಿಲ್ಲ ಎಂದು ನಾನು ಹೇಳಿದಾಗ ಆಕೆ ಕೇಳಿದಳು:

"ಕಾಣಂಗಿಲ್ಲ ಅಂತೀರಿ, ಮತ್ತ ಐತಂತ ಅವರಿಗೆ ಹ್ಯಾಂಗ ಗೊತ್ತಾತ್ರಿ ಬಾಯಾರ?"

ದೊಡ್ಡ ಗಾಜಿನ ಯಂತ್ರ ಇರುತ್ತದೆ, ಅದರಲ್ಲಿ ಕಣ್ಣಿಟ್ಟರೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ ಎಂದೆ.

"ಅಂಥಾ ಕಣ್ಣಿನ ಚಾಳೀಸು ನಮಗ ನೂಲು ಕೊಡೋ ಸಾವಕಾರಗೂ ಒಂದು ಕೊಡಸ್ರಿ. ಆತನ ಕಣ್ಣಿಗೆ ನಾವೂ ಕಾಣಂಗಿಲ್ಲ."

ಗೌರವ್ವತ್ತಿಯ ಕೆಲಸ ಕೆಚ್ಚುವುದು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳು ನೇಯ್ದು ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದು ಎಳೆಯ ತುದಿಯನ್ನೂ ಹಳೆಯದರ ತುದಿಗೆ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಅದು ಮುಗಿಯುವವರೆಗೆ ಮಗ್ಗ ನಿಂತಿರುತ್ತದೆ. ಗೌರವ್ವತ್ತಿ ಗೋಣು ಬಗ್ಗಿಸಿ ಕೂತಳೆಂದರೆ, ಬೆರಳ ತುದಿ ನಾಲಿಗೆಗೆ, ನಾಲಿಗೆಯಿಂದ ಬೂದಿಯ ಬಟ್ಟಲಿಗೆ, ಬೂದಿಯಿಂದ ಎಳೆಗೆ. ಒಂದು ಹೊಸೆತ, ಮುಂದಿನ ಎಳೆ. ನಾನು ಎಷ್ಟೋ ಸಲ ಕೂತು ನೋಡಿದ್ದೇನೆ, ಎಲ್ಲಿ ಒಂದು ಎಳೆ ಮುಗಿದು ಇನ್ನೊಂದು ಸುರುವಾಯಿತು ಎಂಬುದು ಮಾತ್ರ ನನ್ನ ಕಣ್ಣಿಗೆ ಸಿಕ್ಕಿದ್ದಿಲ್ಲ. ಗೌರವ್ವನ ಉಗುಳಿನ ಗಂಟು ಹರಿಯುವುದಿಲ್ಲ ಎಂದು ಓಣಿಯಲ್ಲಿ ಗಾದೆಯಂತೆ ಹೇಳುತ್ತಿದ್ದರು.

ಜ್ವರ ಮುಂಬೈಗೆ ಬಂತು ಎಂದು ಓದಿದ ದಿನ ಓಣಿಯಲ್ಲಿ ಯಾರೂ ನಗಲಿಲ್ಲ. ನಮ್ಮ ಊರಿಗೆ ನೂಲು ಬರುತ್ತಿದ್ದದ್ದು ಮುಂಬೈಯಿಂದ. ರೈಲಿನಲ್ಲಿ ಗುಳೇದಗುಡ್ಡ ರೋಡ್ ಸ್ಟೇಷನ್ನಿಗೆ, ಅಲ್ಲಿಂದ ಚಕ್ಕಡಿಯಲ್ಲಿ. ಮಿರುಗುವ ನೂಲಿನ ಪೆಂಡಿಗಳ ಮೇಲೆ ಪರದೇಶದ ಚೀಟಿ ಅಂಟಿಸಿರುತ್ತಿದ್ದರು. ಕೊಡೆ ಹಿಡಿದ ಒಬ್ಬ ಹೆಂಗಸು, ಕೆಳಗೆ ಯಾರಿಗೂ ಓದಲು ಬಾರದ ಅಕ್ಷರ. ಹಿರಿಯರು ಕೂಡಿ ಮಾತಾಡಿದರು. ನೂಲು ಬಂದ ಕೂಡಲೇ ಮನೆಯೊಳಗೆ ತರಬಾರದು, ಗುಡ್ಡದ ಕೆಂಪು ಬಂಡೆಯ ಮೇಲೆ ಮೂರು ದಿನ ಬಿಸಿಲಿಗೆ ಹಾಕಬೇಕು, ಆಮೇಲೆ ಬೇವಿನ ಹೊಗೆ ಕೊಡಬೇಕು. ಬಿಸಿಲಾದರೂ ಎಲ್ಲಿತ್ತು? ಮೃಗಶಿರದ ಮೋಡ ಕವಿದು ನಿಂತಿತ್ತು, ಮಳೆ ಮಾತ್ರ ಇಲ್ಲ. ಹೊಗೆಯೇ ಗತಿಯಾಯಿತು. ಅದರ ಮುಖ್ಯಸ್ಥೆ ಗೌರವ್ವತ್ತಿ. ಚೀಟಿಗಳನ್ನು ಉಗುರಿನಿಂದ ಕಿತ್ತು, ಕೊಡೆಯ ಹೆಂಗಸನ್ನು ಒಬ್ಬೊಬ್ಬಳನ್ನಾಗಿ ಬೆಂಕಿಗೆ ಹಾಕುತ್ತಿದ್ದಳು. ಒಂದನ್ನು ನಾನು ಕೇಳಿ ಇಸಿದುಕೊಂಡೆ. ಆಕೆಗೆ ಅದು ಸೇರಲಿಲ್ಲ, ಆದರೂ ಹೊಗೆಯಲ್ಲಿ ಎರಡು ಸಲ ಆಡಿಸಿ ಕೊಟ್ಟಳು.

ಮುಂಬೈಯ ಗಿರಣಿಯಿಂದ ರಜೆಗೆ ಬಂದ ಒಬ್ಬ ಹುಡುಗನನ್ನು ಓಣಿಯ ತುದಿಯಲ್ಲೇ ನಿಲ್ಲಿಸಿದರು. ಮಹಾಕೂಟದ ಗುಡಿಗೆ ಹೋಗಿ ಹೊಂಡದಲ್ಲಿ ಮುಳುಗಿ, ಅಲ್ಲೇ ನಾಲ್ಕು ದಿನ ಇದ್ದು ಬಾ ಎಂದರು. ಪಾಪ, ಟ್ರಂಕು ಹೊತ್ತುಕೊಂಡೇ ಹೋದ. ಐದನೆಯ ದಿನ ಶುದ್ಧ ಆರೋಗ್ಯದಿಂದ ತಿರುಗಿ ಬಂದ. ಅವನ ತಾಯಿ ಮಾತ್ರ ಆ ನಾಲ್ಕು ದಿನ ಅನ್ನ ಮುಟ್ಟಿರಲಿಲ್ಲ.

ಆದರೂ ಜ್ವರ ಬಂತು. ಮೊದಲು ನಮ್ಮ ಸಾಲಿನ ನೇಕಾರ ಈರಪ್ಪನ ಮನೆಯಲ್ಲಿ. ಮೈಕೈ ಮುರಿದು ಹಾಕಿದಂತೆ ನೋವು, ಒಣ ಕೆಮ್ಮು, ಮೂರು ದಿನ ಸುಡುವ ಮೈ. ಹೆಚ್ಚಿನವರು ಎದ್ದರು. ಓಣಿಯ ಕೆಳತುದಿಯ ಮನೆಯ ಮುದುಕ ಏಳಲಿಲ್ಲ. ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ದವಾಖಾನೆಯಲ್ಲಿ ಎಲ್ಲರಿಗೂ ಒಂದೇ ಕೆಂಪು ಔಷಧ, ಬಾಟಲಿ ನಾವೇ ಒಯ್ಯಬೇಕು. ಆಷಾಢದ ಗಾಳಿ ಎದ್ದು ಕೆಂಪು ಧೂಳು ತಂದು ಬಾಗಿಲಿಗೆ ಒಗೆಯುತ್ತಿತ್ತು. ಅಡಿಗೆ ಮನೆಯಲ್ಲಿ ಕೂತು ನಾನು ಮಗ್ಗದ ಸದ್ದು ಎಣಿಸುತ್ತಿದ್ದೆ. ಹನ್ನೊಂದು. ಒಂಬತ್ತು. ಏಳು.

ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಒಂದು ನೋಟಬುಕ್ಕಿನಲ್ಲಿ ಓಣಿಯ ನಕಾಶೆ ಬರೆದು, ಜ್ವರ ಬಂದ ಮನೆಗೆಲ್ಲ ಒಂದು, ಎರಡು, ಮೂರು ಎಂದು ಅಂಕಿ ಹಾಕಿದೆ. ಜ್ವರ ಸಾಲಾಗಿ ಹೋಗಿರಲಿಲ್ಲ. ಈರಪ್ಪನ ಮನೆಯಿಂದ ನಾಲ್ಕು ಮನೆ ಬಿಟ್ಟು ಎದುರಿನ ಸಾಲಿಗೆ, ಅಲ್ಲಿಂದ ಕೆಳತುದಿಗೆ, ಅಲ್ಲಿಂದ ಮತ್ತೆ ನಡುವಿಗೆ. ನೂಲಿನ ಪೆಂಡಿ ಯಾವ ಮನೆಗೆ ಯಾವಾಗ ಹೋಯಿತು ಎಂದು ವಿಚಾರಿಸಿದೆ, ತಾಳೆಯಾಗಲಿಲ್ಲ. ಬಾವಿಯ ನೀರು ಎಲ್ಲರದೂ ಒಂದೇ. ಹೀಗಿರುವಾಗ ಒಂದು ಮಧ್ಯಾಹ್ನ ಎದುರು ಸಾಲಿನ ಒಂದು ಮನೆಯಲ್ಲಿ ಗೌರವ್ವತ್ತಿ ಕೆಚ್ಚುವುದನ್ನು ನೋಡುತ್ತ ಕೂತಿದ್ದೆ. ಮನೆಯ ಯಜಮಾನ ಮೂಲೆಯಲ್ಲಿ ಕಂಬಳಿ ಹೊದ್ದು ಕೆಮ್ಮುತ್ತಿದ್ದ. ಬೆರಳು ನಾಲಿಗೆಗೆ, ಬೂದಿಗೆ, ಎಳೆಗೆ. ಬೆರಳು ನಾಲಿಗೆಗೆ. ನಾಳೆ ಯಾರ ಮನೆಗೆ ಎಂದು ಸುಮ್ಮನೆ ಕೇಳಿದೆ. ಆಕೆ ಹೇಳಿದಳು. ನಿನ್ನೆ ಯಾರ ಮನೆ, ಮೊನ್ನೆ ಯಾರ ಮನೆ ಎಂದು ಕೇಳಿದೆ. ಅದನ್ನೂ ಹೇಳಿದಳು. ಮನೆಗೆ ಬಂದು ನೋಟಬುಕ್ಕು ತೆರೆದೆ. ನನ್ನ ಅಂಕಿಗಳೂ ಆಕೆ ಹೋದ ದಾರಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಅದೇ ವಾರ ಬೆಳಗಾವಿಯಿಂದ ನಮ್ಮ ಕಾನ್ವೆಂಟಿನ ಹಳೆಯ ಸಿಸ್ಟರ ಪತ್ರ ಬಂದಿತ್ತು. ನಾನು ಕೇಳಿ ಬರೆದದ್ದಕ್ಕೆ ಉತ್ತರ. ಲೋಟಗಳನ್ನು ಕುದಿಸು, ಕೆಮ್ಮುವವರ ಬಾಯಿಗೆ ಬಟ್ಟೆ ಇರಲಿ, ಬಸುರಿಯರನ್ನು ಮಾತ್ರ ಜ್ವರದವರಿಂದ ಬಹಳ ದೂರ ಇಡು, ಅವರಿಗೆ ಇದು ಕಠಿಣ ಎಂದು ಬರೆದಿದ್ದರು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಸಂಗಪ್ಪನದು. ಅವನ ಹೆಂಡತಿ ಶಂಕ್ರವ್ವನಿಗೆ ಎಂಟು ತಿಂಗಳು ತುಂಬಿತ್ತು. ಹಿಂದಿನ ವರ್ಷ ಆಕೆಯ ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು. ಆ ಮನೆಯಲ್ಲಿ ಇನ್ನೂ ಯಾರಿಗೂ ಜ್ವರ ಬಂದಿರಲಿಲ್ಲ. ಸಂಗಪ್ಪನ ಹಾಸು ಮುಗಿಯಲು ಬಂದಿತ್ತು. ಮರುದಿನ ಬೆಳಿಗ್ಗೆ ಗೌರವ್ವತ್ತಿ ಅಲ್ಲಿಗೆ ಕೆಚ್ಚಲು ಹೋಗುವವಳಿದ್ದಳು.

ಯಜಮಾನರಿಗೆ ಹೇಳಿದೆ. ಅವರು ನೋಟಬುಕ್ಕನ್ನು ಬಹಳ ಹೊತ್ತು ನೋಡಿ, ಆಕೆಗೇ ಹೋಗಿ ಹೇಳು, ಬೇರೆ ಯಾರ ಮುಂದೂ ಹೇಳಬೇಡ ಎಂದರು. ಓಣಿಗೆ ಗೊತ್ತಾದರೆ ಆಕೆಯ ಹೊಟ್ಟೆಯ ಮೇಲೆ ಕಲ್ಲು ಬೀಳುತ್ತದೆ ಎಂಬುದು ಇಬ್ಬರಿಗೂ ತಿಳಿದಿತ್ತು.

ಸಂಜೆ ಹೋದೆ. ಗೌರವ್ವತ್ತಿ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ಸಂಗಪ್ಪನ ಮನೆಗೆ ನಾಳೆ ಹೋಗಬೇಡಿ ಎಂದೆ. ಯಾಕೆ ಎಂದು ಕೇಳಿದಳು. ನಕಾಶೆ ತೋರಿಸಿ ಒಂದೊಂದೇ ಮನೆ ಹೇಳಿದೆ. ಆಕೆ ಹಾಳೆಯನ್ನು ತಲೆಕೆಳಗು ಹಿಡಿದು ನೋಡಿದಳು, ಮನೆಗಳನ್ನು ಮಾತ್ರ ಸರಿಯಾಗಿ ಗುರುತು ಹಿಡಿದಳು.

"ಅಂದ್ರ ನನ್ನ ಬಾಯಾಗ ರೋಗ ಐತಿ ಅಂತೀರಿ."

"ಹಂಗಲ್ಲ ಗೌರವ್ವತ್ತಿ. ಜ್ವರ ಇದ್ದ ಮನಿಯೊಳಗ ಕೂತು ಎಳಿ ಮುಟ್ತೀರಿ, ಅದ ಬಟ್ಟು ನಾಲಿಗಿಗೆ ಹೋಗ್ತದ. ಅಲ್ಲಿಂದ ಮುಂದಿನ ಮನಿಗೆ..."

"ಎಂಜಲಾ ಅನ್ರಿ. ಸುತ್ತಿ ಬಳಸಿ ಯಾಕ? ನಿಮ್ಮ ಮನಿ ಮಡಿ ನಿಮ್ಮ ಮನಿಯಾಗ ಇರ್ಲಿ. ಮೂವತ್ತ ವರ್ಷಾತು, ಈ ಓಣಿ ಖಣ ಎಲ್ಲಾ ನನ್ನ ಎಂಜಲಿನ ಮ್ಯಾಲೆ ನೇದಾವು. ನಿಮ್ಮ ಮೈಮ್ಯಾಲಿನ ಕುಬಸಾನೂ."

ನಾನು ಆಡಿದ್ದು ಕಾನ್ವೆಂಟಿನ ಮಾತು. ಆಕೆಯ ಕಿವಿಗೆ ಅದು ಬಿದ್ದದ್ದು ಮಡಿ ಮೈಲಿಗೆ ಎನ್ನುವ ನಮ್ಮ ಅಜ್ಜಿಯ ಮಾತಾಗಿ. ಎರಡೂ ಹೇಗೆ ಬೇರೆ ಎಂದು ಹೇಳಲೆಂದು ನೋಟಬುಕ್ಕು ತೆಗೆದುಕೊಂಡು ಹಾಳೆ ತಿರುವತೊಡಗಿದೆ. ಆಕೆ ನನ್ನ ಕೈಯನ್ನೇ ನೋಡುತ್ತಿದ್ದಳು.

"ಈಗ ನಾ ಕೇಳ್ತೇನಿ, ನೀ ಹೇಳು," ಎಂದಳು. ಅಲ್ಲಿಯವರೆಗೆ ಆಕೆ ನನಗೆ ನೀ ಎಂದಿರಲಿಲ್ಲ. "ದಿನಾ ಪೇಪರ ಓದ್ತಿಯಲ್ಲ, ಹಾಳಿ ತಿರುವುವಾಗ ಬಟ್ಟ ಎಲ್ಲಿ ಇಡ್ತಿ?"

ನನ್ನ ತೋರುಬೆರಳನ್ನು ನಾನೇ ನೋಡಿಕೊಂಡೆ. ಇದೇ ಬೆರಳಿಗೆ, ಇದೇ ತಪ್ಪಿಗೆ, ಸಿಸ್ಟರು ರೂಳುಪಟ್ಟಿಯಿಂದ ಎಷ್ಟು ಸಲ ಹೊಡೆದಿದ್ದರೋ. ಶಾಲೆ ಬಿಟ್ಟ ಮೇಲೆ ಹೊಡೆಯುವವರಿಲ್ಲದೆ ಚಟ ತಿರುಗಿ ಬಂದಿತ್ತು. ಎಂದಿನಿಂದ ಬಂದಿತ್ತೋ, ನನಗೇ ತಿಳಿಯದು.

"ಆ ಪೇಪರ ಎಷ್ಟ ಮನಿ ತಿರಗತೈತಿ, ಅದನ್ನ ಬರಕೊಂಡಿಯೇನು? ಓದಾವ್ರೆಲ್ಲಾ ಬಟ್ಟ ನೆಕ್ಕಿ ತಿರುವ್ತಾರ. ಮೊದಲ ಯಾರ ಮನಿಗೆ ಹೋಗತೈತಿ?"

ಈರಪ್ಪನ ಮನೆಗೆ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಮಾಸ್ತರರು ಪರೀಕ್ಷಾದ ಕೆಲಸಕ್ಕ ಪುಣೆಕ್ಕ ಹೋಗಿ ಬಂದ್ರು. ಬಂದು ಎರಡ ದಿನಾ ಮಲಗಿದ್ರು. ಆಮ್ಯಾಲ ನೀ ಮಲಗಿದ್ದಿ. ಗಿರಣಿ ಹುಡುಗನ್ನ ಮಹಾಕೂಟಕ್ಕ ಅಟ್ಟಿದ್ವಿ. ಮಾಸ್ತರರಿಗೆ ಯಾರರೆ ಹೋಗ್ರಿ ಅಂದ್ರೇನು?"

ಅದು ಪ್ರಯಾಣದ ದಣಿವು ಎಂದು ನಾವಿಬ್ಬರೂ ಓಣಿಗೆ ಹೇಳಿದ್ದೆವು. ನಮಗೆ ನಾವೂ ಹಾಗೇ ಹೇಳಿಕೊಂಡಿದ್ದೆವು. ಈರಪ್ಪನಿಗೆ ಜ್ವರ ಬಂದದ್ದು ಅದಾದ ಒಂದು ವಾರಕ್ಕೆ. ನನ್ನ ನಕಾಶೆಯಲ್ಲಿ ನಮ್ಮ ಮನೆಗೆ ಅಂಕಿಯೇ ಇರಲಿಲ್ಲ.

ಆಮೇಲೆ ಗೌರವ್ವತ್ತಿ ಕೈ ನೀಡಿ ನನ್ನ ಮಣಿಕಟ್ಟು ಹಿಡಿದು ತನ್ನ ಕುತ್ತಿಗೆಗೆ ತಾಗಿಸಿದಳು. ಕಾದ ಹಂಚಿನ ಹಾಗೆ ಸುಡುತ್ತಿತ್ತು.

"ನಿನ್ನಿಯಿಂದ ಐತಿ. ಯಾರಿಗೂ ಹೇಳಿಲ್ಲ. ಆ ಹುಡಿಗಿ ಒಂದ ಕೂಸು ಕಳಕೊಂಡಾಳ. ನಾ ಹೋಗಂಗಿಲ್ಲ ಬಿಡು." ಸೆರಗು ಬಿಗಿಯಾಗಿ ಹೊದ್ದುಕೊಂಡು, "ಆದ್ರ ಸಂಗಪ್ಪನ ಮಗ್ಗ?" ಎಂದಳು.

ಅದೇ ತೊಡಕಾಗಿತ್ತು. ನಾಗಪಂಚಮಿಗೆ ಇನ್ನೂ ಮೂರು ವಾರ. ತವರಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಖಣ ಕೊಡುವ ಹಬ್ಬ, ನೇಕಾರರಿಗೆ ವರ್ಷದ ದುಡಿಮೆಯ ಕಾಲ. ಮೇಲಿನ ಓಣಿಯ ಇನ್ನೊಬ್ಬ ಕೆಚ್ಚುವವಳು ತಾನೇ ಮಲಗಿದ್ದಳು. ಶಂಕ್ರವ್ವನಿಗೆ ಬಗ್ಗಲು ಆಗದು, ಅವಳ ಅತ್ತೆ ಬಸವ್ವನಿಗೆ ಕಣ್ಣು ಮಂಜು. ಕೆಚ್ಚುವುದು ಹೆಂಗಸರ ಕೆಲಸವೆಂದು ಸಂಗಪ್ಪ ಅದನ್ನು ಕಲಿತೇ ಇರಲಿಲ್ಲ. ನನಗೆ ಕಲಿಸಿರಿ ಎಂದೆ. ಜ್ವರದಲ್ಲೂ ಆಕೆಗೆ ನಗು ಬಂತು. ಆಮೇಲೆ, ನಿನಗೆ ಜ್ವರ ಹೇಗೂ ಬಂದು ಹೋಗಿದೆ, ಕೂಡು ಎಂದಳು.

ಕತ್ತಲಾಗಲು ಇನ್ನೂ ಒಂದು ತಾಸು ಬೆಳಕಿತ್ತು. ಆಕೆ ತನ್ನ ಕಟ್ಟೆಯ ಮೇಲೆ, ನಾನು ಓಣಿಯ ಈಚೆ ನಮ್ಮ ಕಟ್ಟೆಯ ಮೇಲೆ. ಇಬ್ಬರ ಕೈಯಲ್ಲೂ ಹಾಳು ನೂಲಿನ ಎಳೆ. ನಾಲಿಗೆಯ ಬದಲು ನೀರಿನ ಬಟ್ಟಲು. ನೀರಿಗೆ ಅಂಟು ಸಾಲದೆಂದು ಆಕೆಯೇ ಹೇಳಿ, ಅದಕ್ಕೆ ಚೂರು ಜೋಳದ ಗಂಜಿ ಬೆರೆಸಲು ಹಚ್ಚಿದಳು. ಹೆಬ್ಬೆರಳು ಹಿಂದಕ್ಕೆ, ಹಿಂದಕ್ಕೆ, ರೊಟ್ಟಿ ಬಡಿಯುವಂತೆ ಅಲ್ಲ, ಚಿವುಟಿದಂತೆ, ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಹೋಗಿ ಬರುವವರು ನಿಂತು ನೋಡಿದರು. ಗೌರವ್ವತ್ತಿಗೆ ಕೈ ನೋಯುತ್ತಿದೆ, ನಾನು ನಾಳೆ ಸಂಗಪ್ಪನ ಮನೆಗೆ ಹೋಗುತ್ತೇನೆ ಎಂದೆ. ಸುಳ್ಳನ್ನು ನಾನು ಹೇಳಿದೆ, ಆಕೆ ಕೈ ಉಜ್ಜಿಕೊಂಡು ಖರೆ ಮಾಡಿದಳು.

ಗೌರವ್ವತ್ತಿ ಒಂದು ದಿನದಲ್ಲಿ ಮುಗಿಸುವುದು ನನಗೆ ಮೂರು ದಿನ ಹಿಡಿಯಿತು. ಬೆನ್ನು ನನ್ನದಲ್ಲ ಎನ್ನುವಂತಾಯಿತು. ಬೆರಳ ತುದಿ ಕೆಂಪಾಗಿ, ಅನ್ನ ಕಲಸಿದರೆ ಉರಿಯುತ್ತಿತ್ತು. ಯಜಮಾನರು ಎರಡು ಹೊತ್ತೂ ಅವಲಕ್ಕಿಯನ್ನೇ ತಿಂದರು. ಶಂಕ್ರವ್ವ ಒಳಖೋಲಿಯ ಬಾಗಿಲಲ್ಲಿ ಕೂತು, ನನ್ನ ಕೈ ತಪ್ಪಿದಾಗಲೆಲ್ಲ ನಗು ತಡೆಯಲು ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಬಸವ್ವ ಮಾತ್ರ ಬಾಯಿ ಹಿಡಿಯುವವಳಲ್ಲ. ಮಾಸ್ತರಬಾಯಿ ಕೆಚ್ಚಿದ ಖಣ ತೊಟ್ಟವರು ಇಂಗ್ಲಿಷ್ ಮಾತಾಡಲಿಕ್ಕೆ ಹತ್ತುತ್ತಾರೇನೋ ಎಂದಳು. ಮಗ್ಗ ಸುರುವಾದಾಗ ನನ್ನ ಗಂಟುಗಳು ಟಪ್ಪು ಟಪ್ಪೆಂದು ಬಿಚ್ಚಿದವು. ಸಂಗಪ್ಪ ಹರಿದ ಹಾಗೆಲ್ಲ ಮಗ್ಗ ನಿಲ್ಲಿಸಿ ಗಂಟು ಹಾಕಿಕೊಂಡು ನೇಯ್ದ. ಗೋಡೆಯ ಆಚೆಯಿಂದ ಆ ಮಗ್ಗ ನಿಂತು ನಿಂತು ಸಾಗುವುದನ್ನು ನಾನು ಕೇಳುತ್ತಿದ್ದೆ. ಆದರೂ ಸಾಗಿತು.

ಅಷ್ಟರಲ್ಲಿ ಗೌರವ್ವತ್ತಿ ನೆಲ ಹಿಡಿದಿದ್ದಳು. ಜ್ವರ ಮೂರು ದಿನಕ್ಕೆ ಇಳಿಯಲಿಲ್ಲ. ಕೆಮ್ಮು ಎದೆಗೆ ಇಳಿಯಿತು. ಕೆಳತುದಿಯ ಮುದುಕ ಹೋದ ಮೇಲೆ ಜನ ಹೆದರಿದ್ದರು. ಗಂಜಿ, ಉಪ್ಪಿನಕಾಯಿ, ಹಾಲು ಎಲ್ಲ ಅವಳ ಹೊಸ್ತಿಲವರೆಗೆ ಬರುತ್ತಿತ್ತು, ಒಳಗೆ ಯಾರೂ ಬರುತ್ತಿರಲಿಲ್ಲ. ನಾನು ಸೆರಗನ್ನು ಎರಡು ಸುತ್ತು ಮುಖಕ್ಕೆ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದೆ. ಹೋದವಳು ಬಂದು ಕೈ ತಿಕ್ಕಿ ತೊಳೆದು, ಸೀರೆ ಬದಲಿಸಿ, ಆಮೇಲೆಯೇ ಬೇರೆ ಕೆಲಸ. ನಮ್ಮ ಅಜ್ಜಿ ನೋಡಿದ್ದರೆ ಕೊನೆಗೂ ಮಡಿ ಕಲಿತಳು ಎಂದು ಸಂತೋಷಪಡುತ್ತಿದ್ದಳು.

ಐದನೆಯ ದಿನ ಮಧ್ಯಾಹ್ನ ಆಕೆಗೆ ಮೇಲುಸಿರು ಹತ್ತಿತ್ತು. ತುಟಿ ಕಪ್ಪಾಗಿತ್ತು. ಚಮಚದಿಂದ ನೀರು ಹಾಕಿದರೆ ಅರ್ಧ ಹೊರಗೆ ಬಂತು. ಬದುಕುವುದಿಲ್ಲ ಎಂದೇ ತಿಳಿದೆ. ಆಗ ಆಕೆ ಕಣ್ಣು ತೆರೆದು, ನಿಂತು ನಿಂತು ಒಂದು ಮಾತು ಕೇಳಿದಳು.

"ಹಾಂಗ್‌ಕಾಂಗದಾಗ... ಮಗ್ಗ ಅದಾವೇನು?"

"ಇರಬೇಕು. ಅತ್ತ ಕಡೆ ರೇಷ್ಮಿ ಭಾಳ ಆಗ್ತದಂತ."

"ಹಂಗಂದ್ರ ಅಲ್ಲಿ ನನ್ನಂತಾಕಿ ಒಬ್ಬಾಕಿ ಇರತಾಳ." ಬಹಳ ಹೊತ್ತು ಉಸಿರಾಡಿದಳು. "ಆಕೀಗೂ ಯಾರರೆ ಗಂಜಿ ಹಾಕಿರಬೇಕಲ್ಲ?"

ಹಾಕಿರುತ್ತಾರೆ ಎಂದೆ. ನನಗೇನು ಗೊತ್ತು? ಪತ್ರಿಕೆಯಲ್ಲಿ ಹಡಗುಗಳ ಸುದ್ದಿ ಇರುತ್ತಿತ್ತು, ಬಂದರುಗಳ ಸುದ್ದಿ ಇರುತ್ತಿತ್ತು. ಅಲ್ಲಿ ಗಂಜಿ ಹಾಕಿದವರ ಸುದ್ದಿ ನಾನು ಓದಿದ ನೆನಪಿಲ್ಲ.

ಒಂಬತ್ತನೆಯ ದಿನ ಜ್ವರ ಬಿಟ್ಟಿತು. ಎದ್ದು ಕೂತಾಗ ಆಕೆಯ ಬಳೆಯಿಲ್ಲದ ಕೈ ನನ್ನ ಮುಷ್ಟಿಯೊಳಗೆ ಹಿಡಿಸುತ್ತಿತ್ತು. ಅಷ್ಟು ಹೊತ್ತಿಗೆ ಓಣಿಯಲ್ಲೂ ಜ್ವರ ತಗ್ಗಿತ್ತು. ನನ್ನ ಗಂಜಿನೀರಿನಿಂದ ತಗ್ಗಿತು ಎಂದು ನಾನು ಹೇಳಲಾರೆ. ಈ ಜ್ವರ ಹೆಚ್ಚಾಗಿ ಉಸಿರಿನಿಂದ, ಕೆಮ್ಮಿನಿಂದಲೇ ಹರಡುವುದು ಎಂದು ಬಹಳ ವರ್ಷಗಳ ಮೇಲೆ ಓದಿದೆ. ಜ್ವರದವರ ಪಕ್ಕ ದಿನವಿಡೀ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ಕೆಚ್ಚಿದವಳಿಗೆ ಅದು ಬರಲು ಬೆರಳೇ ಬೇಕಿರಲಿಲ್ಲವೋ ಏನೋ. ಕಟ್ಟೆಯ ಮೇಲೆ ನನ್ನ ಸುತ್ತ ಒತ್ತಿ ಕೂತು ಪತ್ರಿಕೆ ಕೇಳಿದವರಿಗೂ ಹಾಗೇ. ಯಾವುದು ಎಲ್ಲಿಂದ ಹೋಯಿತು ಎಂದು ಆ ನಕಾಶೆಯ ಮುಂದೆ ಎಷ್ಟೋ ಸಲ ಕೂತಿದ್ದೇನೆ, ಬಗೆಹರಿದಿಲ್ಲ.

ಪಂಚಮಿಗೆ ಎರಡು ದಿನ ಇರುವಾಗ ಶಂಕ್ರವ್ವ ಹಡೆದಳು. ಹೆಣ್ಣುಕೂಸು, ಅಳು ಓಣಿಯ ತುದಿಗೆ ಕೇಳಿಸುವಷ್ಟು ಜೋರು. ಹದಿಮೂರನೆಯ ದಿನ ತೊಟ್ಟಿಲು. ಹೆಂಗಸರೆಲ್ಲ ಬಂದಿದ್ದರು. ಗೌರವ್ವತ್ತಿಯೂ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ಬಂದವಳು ಹೊಸ್ತಿಲ ಹೊರಗೆ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. ದಣಿವಾಗಿದೆ ಎಂದು ತಿಳಿದು ಯಾರೋ ಮಣೆ ಕೊಟ್ಟರು. ಕೂಡಲಿಲ್ಲ.

"ನಾ ಒಂದ ಮಾತು ಹೇಳಬೇಕ್ರವಾ," ಎಂದಳು. "ನನ್ನ ಕೈ ನೋಯಾಕ ಹತ್ತಿದ್ದಿಲ್ಲ. ಜ್ವರ ಇತ್ತು. ಮುಂಬೈ ನೂಲಿಗೆ ನಾನಽ ಹೊಗಿ ಹಾಕಿದ್ನಿ, ಮನಿ ಮನಿಗೆ ಜ್ವರ ನಾನಽ ಒಯ್ದೇನಿ. ಈ ನಾಲಿಗಿ ಮ್ಯಾಲೆ."

ಹೆಂಗಸರು ಮೊದಲು ನಕ್ಕರು. ಜ್ವರ ತಲೆಗೆ ಏರಿ ಹೀಗಾಗಿದೆ ಪಾಪ ಎಂದು ಒಬ್ಬಳು. ಗೌರವ್ವನ ಗಂಟಿನಿಂದ ಯಾರಿಗಾದರೂ ಕೇಡಾದೀತೇ ಎಂದು ಇನ್ನೊಬ್ಬಳು. ಬಸವ್ವ ಮಾತ್ರ ನಗಲಿಲ್ಲ. ತೊಟ್ಟಿಲ ಹಗ್ಗ ಬಿಟ್ಟು ನನ್ನ ಕಡೆ ತಿರುಗಿದಳು.

"ನೀವು ಓದಿದವರು. ಈಕಿ ಹೇಳೂದು ಖರೆ ಏನ್ರಿ?"

ಅಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ಕೇಳಲು ಕಾದಿದ್ದರು. ಹೌದು ಎಂದಷ್ಟೇ ಹೇಳಿದ್ದರೆ ಗೌರವ್ವತ್ತಿಗೆ ಆ ಹೊಸ್ತಿಲ ಹೊರಗೇ ಆಯುಷ್ಯ ಕಳೆಯಬೇಕಾಗುತ್ತಿತ್ತು.

"ಖರೆ ಇರಬಹುದು," ಎಂದೆ. "ಆದ್ರ ಅವರಿಗಿಂತ ಮೊದಲು ನಮ್ಮ ಮನಿಯೊಳಗ ಇತ್ತು. ನಮ್ಮವರು ಪುಣೆದಿಂದ ಬಂದಾಗ ಜ್ವರ ಇತ್ತು, ನನಗೂ ಬಂತು. ನಾವು ಹೇಳಲಿಲ್ಲ. ಅದ ಕೈಲೆ ಬಟ್ಟು ನೆಕ್ಕಿ ಪೇಪರ ತಿರುವಿ ನಿಮ್ಮೆಲ್ಲರ ಮನಿಗೂ ಕಳಿಸೀನಿ."

ತೊಟ್ಟಿಲು ತೂಗುವುದು ನಿಂತಿತ್ತು. ಗೋಡೆಯ ಹತ್ತಿರ ಕೂತಿದ್ದವಳೊಬ್ಬಳು, ಕೆಳತುದಿಯ ಮುದುಕನ ಸೊಸೆ, ಎದ್ದು ನಿಂತಳು. ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಎಲೆ ಅಡಿಕೆಯನ್ನು ತಟ್ಟೆಯಲ್ಲಿ ಇಟ್ಟು ಗೌರವ್ವತ್ತಿಯ ಪಕ್ಕದಿಂದ ಹೊರಗೆ ಹೋದಳು. ಆಮೇಲೆ ಬಾಗಲಕೋಟೆಗೆ ನಮ್ಮ ಬದಲಿಯಾಗುವವರೆಗೆ ನಾಲ್ಕು ವರ್ಷ ನಾವು ಆ ಓಣಿಯಲ್ಲಿದ್ದೆವು. ಆ ಸೊಸೆ ನಮ್ಮ ಕಟ್ಟೆ ಹತ್ತಲಿಲ್ಲ. ನಾನು ಎರಡು ಸಲ ಅವಳ ಮನೆಗೆ ಹೋದೆ. ನೀರು ಕೊಟ್ಟಳು, ಮಾತು ಕೊಡಲಿಲ್ಲ.

ಬಸವ್ವ ಒಳಗೆ ಹೋದಳು. ನನಗೂ ಹೊರಗೆ ಹೋಗು ಎನ್ನುತ್ತಾಳೆ ಎಂದುಕೊಂಡು ಕಾಲು ತೆಗೆಯಲು ನೋಡಿದೆ. ಆಕೆ ತಾಮ್ರದ ಚರಿಗೆಯಲ್ಲಿ ನೀರು ತುಂಬಿ ತಂದು ಹೊಸ್ತಿಲ ಮೇಲೆ ಕುಕ್ಕಿದಳು. ಮೇಲೆ ಸೀಗೆಪುಡಿಯ ಒಂದು ಹಿಡಿ.

"ಇಬ್ಬರೂ ಕೈ ತೊಳಕೋರಿ. ಬಾಯಿ ಮುಕ್ಕಳಿಸ್ರಿ. ಕೂಸು ಎದ್ದೈತಿ, ಎತ್ಕೊಳ್ರಿ."

ಗೌರವ್ವತ್ತಿ ಮೊದಲು ಮಣಿಕಟ್ಟಿನವರೆಗೆ ತೊಳೆದಳು. ಸಾಲದೆಂದು ಮೊಣಕೈಯವರೆಗೆ ತೊಳೆದಳು. ಉಗುರ ಸಂದಿಯಲ್ಲಿ ಕೂತ ಮೂವತ್ತು ವರ್ಷದ ಬೂದಿಯನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೆಗೆಯತೊಡಗಿದಳು. ನಾನು ನೀರು ಹಾಕುತ್ತಿದ್ದೆ. ಚರಿಗೆ ಬರಿದಾಯಿತು. ಬಸವ್ವ ಮತ್ತೊಂದು ತಂದಳು. ಅದೂ ಅರ್ಧವಾಗುವ ಹೊತ್ತಿಗೆ ಒಳಗಿನಿಂದ ಶಂಕ್ರವ್ವ, ಸಾಕು ಬಾ ಗೌರವ್ವತ್ತಿ, ಅಷ್ಟರಲ್ಲಿ ಕೂಸು ದೊಡ್ಡದಾಗಿ ಗಂಡನ ಮನೆಗೆ ಹೋದೀತು ಎಂದಳು.

ಗೌರವ್ವತ್ತಿ ಒದ್ದೆ ಕೈಗಳನ್ನು ಯಾವುದಕ್ಕೂ ತಾಗಿಸದೆ ಮುಂದೆ ಹಿಡಿದುಕೊಂಡು ಒಳಗೆ ಹೋದಳು. ಉಳಿದ ನೀರಿನಲ್ಲಿ ನಾನು ತೊಳೆದುಕೊಂಡೆ.